‘ಅವರು’ ಎಂದರೆ ಯಾರೆಲ್ಲ? ಕನ್ನಡದ ಗೌರವ ಬಹುವಚನದ ಚರಿತ್ರೆ ಮತ್ತು ಒಳಗೊಳ್ಳುವ ಭಾಷೆಯ ಪ್ರಶ್ನೆ

ಸಾರಾಂಶ

ಕನ್ನಡದ ‘ಅವರು’ ಎಂಬ ಸರ್ವನಾಮ ಹೆಣ್ಣು–ಗಂಡುಗಳ ಭೇದವನ್ನು ತೋರುವುದಿಲ್ಲ. ಆದ್ದರಿಂದ ಲಿಂಗತಟಸ್ಥ ಭಾಷೆಯ ಸಮಸ್ಯೆ ಕನ್ನಡದಲ್ಲಿ ತಾನಾಗಿಯೇ ಬಗೆಹರಿದಿದೆ ಎಂಬ ಅಭಿಪ್ರಾಯವಿದೆ. ಶಾಸನಗಳು, ವ್ಯಾಕರಣ ಗ್ರಂಥಗಳು ಹಾಗೂ ಆಧುನಿಕ ಬಳಕೆಯ ಆಧಾರದಿಂದ ಈ ಅಭಿಪ್ರಾಯವನ್ನು ಇಲ್ಲಿ ಪರಿಶೀಲಿಸಿದ್ದೇವೆ. ಒಬ್ಬ ವ್ಯಕ್ತಿಯನ್ನು ಕುರಿತಾಗ ಕನ್ನಡದ ಲಿಂಗತಟಸ್ಥತೆ ಗೌರವದ ಉಪಫಲವಾಗಿದೆ. ಗೌರವ ಯಾರಿಗೆ ಸಲ್ಲುತ್ತದೆಯೋ ಅವರಿಗಷ್ಟೇ ತಟಸ್ಥತೆಯೂ ಸಲ್ಲುತ್ತದೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಗೌರವ ಬಹುವಚನ, ಲಿಂಗವ್ಯವಸ್ಥೆ, ದ್ರಾವಿಡ ಭಾಷೆಗಳು, ಒಳಗೊಳ್ಳುವ ಭಾಷೆ, ಸಾಮಾಜಿಕ ಭಾಷಾವಿಜ್ಞಾನ

1. ಪ್ರಶ್ನೆಯ ಸ್ವರೂಪ

ಇಂಗ್ಲಿಷಿನಲ್ಲಿ ಪಕ್ಷಪಾತವಿಲ್ಲದ ಭಾಷೆಯ ಚರ್ಚೆ ಬಹುಮಟ್ಟಿಗೆ ಒಂದು ಸರ್ವನಾಮದ ಸುತ್ತ ಬೆಳೆಯಿತು. ಗಂಡನ್ನು ಸೂಚಿಸುವ ‘ಹೀ’ ರೂಪವೇ ಮನುಷ್ಯಸಾಮಾನ್ಯಕ್ಕೂ ನಿಲ್ಲಬಲ್ಲುದೆಂಬ ವ್ಯಾಕರಣಕಾರರ ವಿಧಿಯನ್ನು 1970ರ ದಶಕದಿಂದೀಚೆಗೆ ಸ್ತ್ರೀವಾದಿ ಭಾಷಾಚಿಂತನೆ ಪ್ರಶ್ನಿಸಿತು. ಹದಿನಾಲ್ಕನೆಯ ಶತಮಾನದಿಂದಲೂ ಬಳಕೆಯಲ್ಲಿದ್ದ ಏಕವ್ಯಕ್ತಿವಾಚಕ ‘ದೇ’ ಮತ್ತೆ ಮಾನ್ಯತೆ ಪಡೆಯಿತು. ಈ ಚರ್ಚೆಯನ್ನು ಓದಿದ ಕನ್ನಡಿಗರಿಗೆ ಸಹಜವಾಗಿಯೇ ‘ಅವರು’ ನೆನಪಾಗುತ್ತದೆ. ‘ಡಾಕ್ಟರು ಬಂದರು’ ಎಂಬ ವಾಕ್ಯದಿಂದ ಬಂದದ್ದು ಹೆಣ್ಣೋ ಗಂಡೋ ತಿಳಿಯದು. ಹೀಗಿರುವಾಗ ನಮಗೆ ಹೊಸ ಸರ್ವನಾಮದ ಹುಡುಕಾಟ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಈ ವಾಕ್ಯದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು: ‘ಕೆಲಸದವಳು ಬಂದಳು.’ ಎರಡೂ ಒಂದೇ ಮನೆಯಲ್ಲಿ, ಒಂದೇ ಬೆಳಗ್ಗೆ, ಒಬ್ಬರೇ ಆಡಬಹುದಾದ ಮಾತುಗಳು. ಮೊದಲನೆಯದರಲ್ಲಿ ಲಿಂಗ ಮರೆಯಾಗಿದೆ. ಎರಡನೆಯದರಲ್ಲಿ ನಾಮಪದದಲ್ಲಿಯೂ ಕ್ರಿಯಾಪದದಲ್ಲಿಯೂ ಎದ್ದು ಕಾಣುತ್ತಿದೆ. ಈ ಅಂತರಕ್ಕೆ ಕಾರಣ ಲಿಂಗವಲ್ಲ, ಅಂತಸ್ತು. ಕನ್ನಡದಲ್ಲಿ ಲಿಂಗವನ್ನು ಮರೆಸುವ ಸಾಧನ ಇದೆ ಎಂಬುದು ದಿಟ. ಆ ಸಾಧನ ಯಾರ ಪಾಲಿಗೆ ಇದೆ, ಯಾವ ದಾರಿಯಲ್ಲಿ ಹಾಗಾಯಿತು ಎಂಬುದು ಚರಿತ್ರೆಯ ಪ್ರಶ್ನೆ. ಅದನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ.

2. ದ್ರಾವಿಡ ಹಿನ್ನೆಲೆ

ಕನ್ನಡದ ಪ್ರಥಮ ಪುರುಷದಲ್ಲಿ ಏಕವಚನಕ್ಕೆ ಮೂರು ಲಿಂಗಗಳಿವೆ: ಅವನು, ಅವಳು, ಅದು. ಬಹುವಚನಕ್ಕೆ ಎರಡೇ ವಿಭಾಗ: ಮನುಷ್ಯರಿಗೆ ‘ಅವರು’, ಉಳಿದವಕ್ಕೆ ‘ಅವು’. ಈ ವ್ಯವಸ್ಥೆ ಮೂಲದಿಂದಲೇ ಹೀಗಿತ್ತೆಂದು ಹೇಳಲು ಬರುವುದಿಲ್ಲ. ತೆಲುಗಿನ ಏಕವಚನದಲ್ಲಿ ಗಂಡಸರಿಗೆ ‘ವಾಡು’, ಉಳಿದದ್ದಕ್ಕೆಲ್ಲ ‘ಅದಿ’. ಹೆಣ್ಣನ್ನೂ ವಸ್ತುವನ್ನೂ ಕುರಿತ ಕ್ರಿಯಾರೂಪ ಒಂದೇ. ತೆಲುಗು ವ್ಯಾಕರಣ ಪರಂಪರೆ ಈ ವಿಭಾಗಗಳಿಗೆ ‘ಮಹತ್’, ‘ಅಮಹತ್’ ಎಂದೇ ಹೆಸರಿಟ್ಟಿದೆ. ಕೊಲಾಮಿಯಂಥ ಮಧ್ಯ ದ್ರಾವಿಡ ಭಾಷೆಗಳಲ್ಲಿ ಈ ಒಡಕು ಬಹುವಚನದಲ್ಲಿಯೂ ಇದೆ: ಗಂಡಸರ ಗುಂಪಿಗೆ ಅಥವಾ ಹೆಣ್ಣು–ಗಂಡು ಬೆರೆತ ಗುಂಪಿಗೆ ಒಂದು ರೂಪ, ಹೆಂಗಸರಷ್ಟೇ ಇರುವ ಗುಂಪಿಗೂ ವಸ್ತುಗಳಿಗೂ ಇನ್ನೊಂದು.

ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ ‘ದಿ ದ್ರವಿಡಿಯನ್ ಲ್ಯಾಂಗ್ವೇಜಸ್’ ಗ್ರಂಥದಲ್ಲಿ ಮೂಲದ್ರಾವಿಡಕ್ಕೆ ಪುರುಷ–ಪುರುಷೇತರ ವಿಭಾಗವನ್ನು ಒಪ್ಪಿ, ‘ಅವಳ್’ ಎಂಬ ಪ್ರತ್ಯೇಕ ಸ್ತ್ರೀರೂಪವನ್ನು ದಕ್ಷಿಣ ದ್ರಾವಿಡದ ಹೊಸ ಬೆಳವಣಿಗೆಯೆಂದು ಪರಿಗಣಿಸಿದ್ದಾರೆ. ಈ ಪುನಾರಚನೆಯ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ಅದನ್ನು ಒಪ್ಪಿದರೆ ಮಾತ್ರ ನಮ್ಮ ವಿಷಯಕ್ಕೆ ಮಹತ್ವದ ಸಂಗತಿಯೊಂದು ಹೊಳೆಯುತ್ತದೆ: ಇಂದು ನಾವು ಸಹಜವೆಂದು ತಿಳಿದಿರುವ ‘ಅವರ್’ ರೂಪದ ಒಳಗೊಳ್ಳುವಿಕೆ ಭಾಷೆ ಒಂದು ಹಂತದಲ್ಲಿ ಗಳಿಸಿಕೊಂಡದ್ದು. ಹೆಂಗಸರಷ್ಟೇ ಇರುವ ಗುಂಪು ಆ ಸರ್ವನಾಮದೊಳಕ್ಕೆ ಬಂದದ್ದು ಆಮೇಲೆ.

ಎಲ್ಲ ಕನ್ನಡಗಳೂ ಇದೇ ದಾರಿ ಹಿಡಿದಿಲ್ಲ ಎಂಬುದನ್ನೂ ಗಮನಿಸಬೇಕು. ಹವ್ಯಕ ಕನ್ನಡದಲ್ಲಿ ಒಬ್ಬ ಹೆಣ್ಣನ್ನು ಕುರಿತು ‘ಅದು’ ಎನ್ನುವುದೂ ‘ಬಂತು’ ಎಂಬ ಕ್ರಿಯಾರೂಪ ಬಳಸುವುದೂ ಸಹಜ; ಆಡುವವರಿಗೆ ಅದರಲ್ಲಿ ಅವಜ್ಞೆಯ ಸೋಂಕಿಲ್ಲ. ಬೇರೆ ಉಪಭಾಷೆಯವರು ಕೇಳಿದರೆ ಬೆಚ್ಚುತ್ತಾರೆ. ರೂಪವೊಂದನ್ನು ಅದರ ವ್ಯವಸ್ಥೆಯಿಂದ ಬಿಡಿಸಿ ‘ಇದು ಪಕ್ಷಪಾತ’ ಎಂದು ತೀರ್ಪು ಕೊಡುವುದು ಸಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

3. ಶಾಸನಗಳ ಸಾಕ್ಷ್ಯ

ಒಬ್ಬರೇ ವ್ಯಕ್ತಿಯನ್ನು ಬಹುವಚನದಲ್ಲಿ ಹೇಳುವ ಪದ್ಧತಿ ಕನ್ನಡದಲ್ಲಿ ಬಹಳ ಹಳೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸುಮಾರು ಏಳನೆಯ ಶತಮಾನದ ನಿಸಿದಿ ಶಾಸನಗಳು ಹಲವಿವೆ. ವ್ರತ ಹಿಡಿದು ದೇಹ ತೊರೆದ ಜೈನ ಯತಿಗಳ ನೆನಪಿಗೆ ಬರೆಸಿದ ಈ ಸಾಲುಗಳಲ್ಲಿ ಅವರ ಮರಣವನ್ನು ಹೇಳುವ ಕ್ರಿಯಾಪದ ‘ಮುಡಿಪ್ಪಿದರ್’. ಯತಿ ಒಬ್ಬರೇ, ಕ್ರಿಯೆಗೆ ಹತ್ತಿರುವ ಪ್ರತ್ಯಯ ಬಹುವಚನದ್ದು.

ಇವುಗಳಲ್ಲಿ ನಾಗಮತಿ ಎಂಬ ಸಂನ್ಯಾಸಿನಿಯ ಶಾಸನ ನಮ್ಮ ಚರ್ಚೆಗೆ ಮುಖ್ಯವಾದುದು. ಆಕೆಯನ್ನು ಶಾಸನ ‘ಶಿಷ್ಯಿತ್ತಿಯರ್’ ಎಂದೂ ‘ಗನ್ತಿಯರ್’ ಎಂದೂ ಕರೆದು, ಮುಂದೆ ‘ಮುಡಿಪ್ಪಿದರ್’ ಎಂದೇ ಹೇಳುತ್ತದೆ. ನಾಮಪ್ರಕೃತಿಯಲ್ಲಿ ಸ್ತ್ರೀತ್ವ ಸ್ಪಷ್ಟವಾಗಿದೆ: ‘ಶಿಷ್ಯಿತ್ತಿ’, ‘ಗನ್ತಿ’. ಅದರ ಮೇಲೆ ಕುಳಿತ ‘-ಅರ್’ ಪ್ರತ್ಯಯವೂ ಕ್ರಿಯಾಪದವೂ ಲಿಂಗ ಹೇಳುವುದಿಲ್ಲ. ಪಕ್ಕದ ಬಂಡೆಗಳ ಮೇಲಿನ ಗುರುಗಳಿಗೆ ಯಾವ ಕ್ರಿಯಾರೂಪವೋ ನಾಗಮತಿಗೂ ಅದೇ. ಸಾವಿನ ಘನತೆಯಲ್ಲಿ ಆಕೆ ಅವರ ಸಮಾನಳು ಎಂಬುದನ್ನು ವ್ಯಾಕರಣವೇ ನುಡಿದಿದೆ.

ಈ ಸಮಾನತೆಗೆ ಒಂದು ಮಿತಿಯೂ ಉಂಟು. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದವರಿಗೆ ಎತ್ತಿಸಿದ ವೀರಗಲ್ಲುಗಳನ್ನು ನೋಡಿದರೆ ಅನೇಕ ಕಡೆ ಕ್ರಿಯಾಪದ ‘ಸತ್ತಂ’ ಎಂಬ ಏಕವಚನದ ಪುಲ್ಲಿಂಗ ರೂಪದಲ್ಲಿದೆ. ಕಲ್ಲು ನೆಡಿಸಿ, ಹೆಸರು ಕೊರೆಯಿಸಿ, ಪೂಜೆ ಸಲ್ಲಿಸಿದ ವೀರನೂ ವ್ಯಾಕರಣದಲ್ಲಿ ‘ಅವನ್’ ಆಗಿಯೇ ಉಳಿಯುತ್ತಾನೆ. ಮೆಚ್ಚುಗೆ ಒಂದು, ಪದವಿ ಇನ್ನೊಂದು. ‘-ಅರ್’ ಒಲಿಯುತ್ತಿದ್ದುದು ಎರಡನೆಯದಕ್ಕೆ. ಗುರು, ಯತಿ, ಅರಸ ಇವರ ನೆಲೆ ತಲುಪಿದ ಹೆಣ್ಣಿಗೆ ಲಿಂಗತಟಸ್ಥ ಕ್ರಿಯಾಪದ ದೊರೆಯಿತು. ಆ ನೆಲೆಗೆ ಸೇರದ ಗಂಡಿಗೂ ಅದು ದೊರೆಯಲಿಲ್ಲ. ಏಕವ್ಯಕ್ತಿವಾಚಕ ‘-ಅರ್’ ತನ್ನ ಆರಂಭದ ದಾಖಲೆಗಳಲ್ಲಿಯೇ ಲಿಂಗದ ಬಾಗಿಲನ್ನು ತೆರೆದು ಅಂತಸ್ತಿನ ಬಾಗಿಲನ್ನು ಕಾದಿತ್ತು.

4. ವ್ಯಾಕರಣಕಾರರ ಪರಿಭಾಷೆ

ಬಳಕೆಯ ಈ ಎರಡು ಮುಖಗಳನ್ನು ವ್ಯಾಕರಣ ಗ್ರಂಥಗಳು ಯಾವ ಮಾತುಗಳಲ್ಲಿ ಹಿಡಿದವು ಎಂಬುದು ಮುಂದಿನ ಪ್ರಶ್ನೆ. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’, ಭಟ್ಟಾಕಳಂಕನ ‘ಶಬ್ದಾನುಶಾಸನ’ (1604) – ಮೂರೂ ಸಂಸ್ಕೃತದ ಪುಂ, ಸ್ತ್ರೀ, ನಪುಂಸಕ ಎಂಬ ಲಿಂಗತ್ರಯದ ಚೌಕಟ್ಟನ್ನು ಅವಲಂಬಿಸಿವೆ. ಸಂಸ್ಕೃತದಲ್ಲಿ ಲಿಂಗ ಶಬ್ದಕ್ಕೆ ಅಂಟಿದ್ದು. ಕನ್ನಡದಲ್ಲಿ ಅರ್ಥಕ್ಕೆ ಅಂಟಿದ್ದು. ಸಂಸ್ಕೃತದ ‘ದಾರಾ’ ಹೆಂಡತಿಯೆಂಬ ಅರ್ಥವಿದ್ದೂ ಪುಲ್ಲಿಂಗ. ಕನ್ನಡದಲ್ಲಿ ಅಂಥದ್ದು ಸಾಧ್ಯವಿಲ್ಲ. ಈ ವ್ಯತ್ಯಾಸ ನಮ್ಮ ವ್ಯಾಕರಣಕಾರರಿಗೆ ತಿಳಿದಿತ್ತು. ಆದರೂ ಹೆಸರುಗಳು ಸಂಸ್ಕೃತದವೇ ಆಗಿ ಉಳಿದವು.

ಇದರ ಪರಿಣಾಮ ಸಣ್ಣದಲ್ಲ. ತಮಿಳಿನ ತೊಲ್ಕಾಪ್ಪಿಯಂ ಜಗತ್ತನ್ನು ಮೊದಲು ‘ಉಯರ್ತಿಣೈ’, ‘ಅಃಱಿಣೈ’ ಎಂದು, ಅಂದರೆ ಮನುಷ್ಯವರ್ಗ ಮತ್ತು ಅದರ ಹೊರಗಿನದು ಎಂದು ಬೇರ್ಪಡಿಸುತ್ತದೆ. ಹೆಣ್ಣು–ಗಂಡೆಂಬ ಭೇದ ಬರುವುದು ಆಮೇಲೆ, ಮನುಷ್ಯವರ್ಗದ ಒಳಗೆ. ಹೆಣ್ಣು–ಗಂಡುಗಳ ನಡುವಿನ ನೆಲೆಯ ‘ಪೇಡಿ’ಯಂಥ ವ್ಯಕ್ತಿಗಳಿಗೆ ಪ್ರತ್ಯೇಕ ಪ್ರತ್ಯಯವಿಲ್ಲವೆಂದು ಒಪ್ಪಿಕೊಂಡು, ಅವರಿಗೆ ಮನುಷ್ಯವರ್ಗದ ಪ್ರತ್ಯಯಗಳೇ ಸಲ್ಲುತ್ತವೆಂದು ಆ ಗ್ರಂಥ ವಿಧಿಸುತ್ತದೆ. ಲಿಂಗ ನಿರ್ಧಾರವಾಗದಿದ್ದರೂ ಮನುಷ್ಯತ್ವ ನಿರ್ಧಾರವಾಗಿದೆ. ಕನ್ನಡದ ಬಳಕೆಯೂ ಬಹುವಚನದಲ್ಲಿ ಇದೇ ವಿಭಾಗವನ್ನು ಪಾಲಿಸುತ್ತದೆ. ಆದರೆ ನಮ್ಮ ಪರಿಭಾಷೆಯಲ್ಲಿ ಕಲ್ಲು, ಮರ, ಪ್ರಾಣಿಗಳ ವರ್ಗಕ್ಕೆ ‘ನಪುಂಸಕಲಿಂಗ’ ಎಂಬ ಹೆಸರು ನಿಂತಿತು. ನಿತ್ಯದ ಮಾತಿನಲ್ಲಿ ಆ ಪದ ಮನುಷ್ಯರನ್ನು ಹೀಯಾಳಿಸಲು ಬಳಕೆಯಾಗುತ್ತದೆ. ಶಾಲೆಯ ಮಗು ವ್ಯಾಕರಣದ ಪಾಠದಲ್ಲಿ ಅದನ್ನು ವಸ್ತುಗಳ ಹೆಸರಾಗಿ ಕಲಿಯುತ್ತದೆ. ಪಕ್ಷಪಾತವಿಲ್ಲದ ಭಾಷೆಯ ಬಗ್ಗೆ ಬರೆಯುವ ನಾವು ತಿದ್ದುವುದಾದರೆ ಮೊದಲು ನಮ್ಮದೇ ಪರಿಭಾಷೆಯನ್ನು ತಿದ್ದಬಹುದು. ‘ಮನುಷ್ಯೇತರ’ ಎಂಬ ಮಾತು ವಿವರಣೆಯ ದೃಷ್ಟಿಯಿಂದಲೂ ಹೆಚ್ಚು ನಿಖರ.

5. ಏಕವಚನ: ವ್ಯಾಕರಣದ ಮಾತು ಬೈಗುಳದ ಹೆಸರಾದದ್ದು

ಆಧುನಿಕ ಕಾಲಕ್ಕೆ ಬಂದರೆ ಬಳಕೆಯೇ ಒಂದು ವಿಲಕ್ಷಣ ಸಾಕ್ಷ್ಯ ಒದಗಿಸುತ್ತದೆ. ‘ಅಧಿಕಾರಿ ನನ್ನನ್ನು ಏಕವಚನದಲ್ಲಿ ನಿಂದಿಸಿದರು’ ಎಂಬ ದೂರು ಕನ್ನಡ ಪತ್ರಿಕೆಗಳ ಓದುಗರಿಗೆ ಅಪರಿಚಿತವಲ್ಲ. ವ್ಯಾಕರಣವನ್ನು ಎಂದೂ ಓದದವರೂ ‘ಏಕವಚನ’ ಎಂಬ ಪಾರಿಭಾಷಿಕ ಪದವನ್ನು ಅವಮಾನದ ಹೆಸರಾಗಿ ಬಲ್ಲರು. ‘ಬಹುವಚನ ಕೊಟ್ಟು ಮಾತನಾಡು’ ಎಂಬ ಮಾತಿನಲ್ಲಿ ಬಹುವಚನ ಕೊಡತಕ್ಕ, ಕೊಡದೆ ಉಳಿಸಿಕೊಳ್ಳತಕ್ಕ ಒಂದು ವಸ್ತು.

ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಯೂರೋಪಿನ ಭಾಷೆಗಳ ಮಧ್ಯಮ ಪುರುಷ ಸರ್ವನಾಮಗಳನ್ನು ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಅಕ್ಷಗಳ ಮೇಲೆ ವಿವರಿಸಿದರು. ಕನ್ನಡದ ‘ನೀನು–ನೀವು’ಗಳಿಗೂ ಆ ವಿವರಣೆ ಹೊಂದುತ್ತದೆ. ತಾಯಿಗೆ ‘ನೀನು’, ತಂದೆಗೆ ‘ನೀವು’ ಎನ್ನುವ ಮನೆಗಳಲ್ಲಿ ಏಕವಚನ ಆಪ್ತತೆಯದು. ಭಕ್ತರು ದೇವರಿಗೆ ‘ನೀನು’ ಎನ್ನುವುದೂ ಹಾಗೆಯೇ. ಜಮೀನಿನ ಒಡೆಯನು ತನಗಿಂತ ಹಿರಿಯನಾದ ಕೂಲಿಯಾಳಿಗೆ ‘ನೀನು’ ಎಂದು, ಆತನಿಂದ ‘ನೀವು’, ‘ತಾವು’ ಎನ್ನಿಸಿಕೊಳ್ಳುವಲ್ಲಿ ಅದೇ ಏಕವಚನ ಜಾತಿಯ ಅಧಿಕಾರದ್ದು. ಗಂಡ ಹೆಂಡತಿಗೆ ‘ನೀನು’, ಹೆಂಡತಿ ಗಂಡನಿಗೆ ‘ನೀವು’ ಎನ್ನುವಲ್ಲಿ ಎರಡು ಅಕ್ಷಗಳೂ ಒಂದರೊಳಗೊಂದು ಹೆಣೆದುಕೊಂಡಿವೆ.

ಯೂರೋಪಿನ ವಿವರಣೆಗೆ ಸಿಕ್ಕದ ಒಂದು ಸಂಗತಿ ಕನ್ನಡದಲ್ಲಿದೆ. ಇಲ್ಲಿ ಏಕವಚನಕ್ಕೆ ಇಳಿದೊಡನೆ ಲಿಂಗ ಬಯಲಾಗುತ್ತದೆ. ‘ಬನ್ನಿ’ ಎಂಬುದಕ್ಕೆ ಲಿಂಗವಿಲ್ಲ. ಉತ್ತರ ಕರ್ನಾಟಕದ ‘ಬರ್ರಿ’, ‘ಏನ್ರಿ’ಗಳಿಗೂ ಇಲ್ಲ. ‘ಬಾರೋ’, ‘ಬಾರೇ’ಗಳಿಗೆ ಇದೆ. ‘ಯಾರು’ ಎಂಬ ಪ್ರಶ್ನೆ ಬಾಗಿಲಾಚೆ ನಿಂತ ಅಪರಿಚಿತರಿಗೆ ಸಲ್ಲುವಂಥದ್ದು. ‘ಯಾವನು’, ‘ಯಾವಳು’ ಎಂಬ ರೂಪಗಳು ಇಂದಿನ ಮಾತಿನಲ್ಲಿ ಜಗಳಕ್ಕೆ ಕರೆದಂತೆ. ಹಳಗನ್ನಡದ ‘ಆವನ್’, ‘ಆವಳ್’ಗಳು ಬರಿಯ ಪ್ರಶ್ನಾರ್ಥಕಗಳಾಗಿದ್ದವು, ಅವುಗಳ ಸಂತತಿ ಬೈಗುಳದ ಅಂಚಿಗೆ ಸರಿದಿದೆ. ಸಂಖ್ಯಾವಾಚಿಗಳಲ್ಲಿಯೂ ಇದನ್ನೇ ಕಾಣುತ್ತೇವೆ. ‘ಒಬ್ಬ’, ‘ಒಬ್ಬಳು’ ಎಂಬ ಜೋಡಿಯ ಪಕ್ಕದಲ್ಲಿ ‘ಒಬ್ಬರು’ ಎಂಬ ರೂಪವಿದೆ: ಒಂದೆಂಬ ಸಂಖ್ಯೆಗೆ ಬಹುವಚನದ ಪ್ರತ್ಯಯ ಹತ್ತಿ, ಲಿಂಗ ಹೇಳದ ಏಕವ್ಯಕ್ತಿವಾಚಕವಾಗಿದೆ.

‘ಅವರು’ ಹೀಗೆ ಒಬ್ಬರಿಗೂ ಸಲ್ಲತೊಡಗಿದ್ದರಿಂದ ನಿಜವಾದ ಬಹುವಚನಕ್ಕೆ ಬೇರೆ ಗುರುತು ಬೇಕೆನ್ನಿಸುವುದು ಸಹಜ. ತಮಿಳು ‘ಅವರ್’ ರೂಪವನ್ನು ಗೌರವ ಏಕವಚನಕ್ಕೆ ಬಿಟ್ಟು ‘ಅವರ್ಕಳ್’ ಎಂಬುದನ್ನು ಬಹುವಚನಕ್ಕೆ ಒಗ್ಗಿಸಿಕೊಂಡಿತು. ಕನ್ನಡ ಕಚೇರಿ ಬರಹದ ‘ಅವರುಗಳು’, ‘ಸದಸ್ಯರುಗಳು’ ಎಂಬ ರೂಪಗಳನ್ನು ಭಾಷಾಶುದ್ಧಿಯವರು ತಪ್ಪೆಂದು ಹೊಡೆದುಹಾಕುತ್ತಾರೆ. ನಮ್ಮ ದೃಷ್ಟಿಯಲ್ಲಿ ಅವು ಅದೇ ಒತ್ತಡದ ಫಲ.

ವೃತ್ತಿಸೂಚಕ ಪದಗಳಲ್ಲಿ ಈ ಚರಿತ್ರೆ ಹೆಪ್ಪುಗಟ್ಟಿದೆ. ಮೇಷ್ಟ್ರು, ಡಾಕ್ಟ್ರು, ಗೌಡ್ರು, ಪುರೋಹಿತರು ಒಂದು ಕಡೆ; ಹಾಲಿನವನು, ಕಸದವನು, ಕೆಲಸದವಳು, ಹೂವಿನವಳು ಇನ್ನೊಂದು ಕಡೆ. ಮೊದಲ ಸಾಲಿನ ಪದಗಳಿಗೆ ‘-ರು’ ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ ಅದಿಲ್ಲದೆ ಅವು ಅಪೂರ್ಣವೆನಿಸುತ್ತವೆ. ಎರಡನೆಯ ಸಾಲಿಗೆ ‘-ರು’ ಹಚ್ಚಲು ವ್ಯಾಕರಣದ ಅಡ್ಡಿಯೇನೂ ಇಲ್ಲ. ‘ಹಾಲಿನವರು’ ಎಂಬುದು ನಿರ್ದೋಷ ಪದ. ಪತ್ರಿಕಾ ಭಾಷೆಯಲ್ಲಿಯೂ ಸಚಿವರು ‘ಹೇಳಿದರು’. ಬಂಧಿತನಾದ ಆರೋಪಿ, ಅಪರಾಧ ಇನ್ನೂ ಸಾಬೀತಾಗದಿದ್ದರೂ, ‘ಈತ’ ಅಥವಾ ‘ಈಕೆ’.

6. ಪದಗಳ ಬದಲಾವಣೆ, ಪ್ರತ್ಯಯದ ಬದಲಾವಣೆ

ಕಳೆದ ಅರ್ಧ ಶತಮಾನದ ಸುಧಾರಣೆಗಳನ್ನು ಈ ಬೆಳಕಿನಲ್ಲಿ ಓದಬಹುದು. ಕುರುಡ–ಕುರುಡಿ, ಕುಂಟ–ಕುಂಟಿ, ಕಿವುಡ–ಕಿವುಡಿ ಎಂಬ ಹಳೆಯ ಜೋಡಿಗಳೆಲ್ಲ ಲಿಂಗಸೂಚಕ ಏಕವಚನಗಳು. ಅವುಗಳ ಸ್ಥಾನಕ್ಕೆ ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು ಎಂಬ ಪದಗಳು ಒಂದರ ಹಿಂದೊಂದು ಬಂದವು. 1995 ಮತ್ತು 2016ರ ಕೇಂದ್ರ ಕಾಯ್ದೆಗಳ ನಡುವಿನ ಕಾಲದಲ್ಲಿ ಆಡಳಿತ ಕನ್ನಡ ಈ ಬದಲಾವಣೆಯನ್ನು ದಾಖಲಿಸಿದೆ. ಯಾವ ಪ್ರಕೃತಿ ಸೂಕ್ತ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಎಲ್ಲ ಹೊಸ ಪದಗಳಿಗೂ ಸಮಾನವಾದ ಒಂದು ಲಕ್ಷಣವಿದೆ: ಅವು ಬಳಕೆಗೆ ಬರುವುದೇ ‘-ರು’ ಸಮೇತ. ‘ಜಾಡಮಾಲಿ’ಯ ಜಾಗಕ್ಕೆ ‘ಪೌರಕಾರ್ಮಿಕರು’ ಬಂದದ್ದೂ ಹೀಗೆಯೇ. ಪ್ರಕೃತಿಯ ಬಗ್ಗೆ ಇಷ್ಟೊಂದು ಚರ್ಚೆ ನಡೆದಿರುವಾಗ ಪ್ರತ್ಯಯ ಮಾಡಿದ ಕೆಲಸ ಗಮನಕ್ಕೇ ಬಂದಿಲ್ಲ.

ಸ್ತ್ರೀಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘-ರು’ ಲಿಂಗವನ್ನು ಮರೆಸುತ್ತದೆ. ಮರೆಸಿದಾಗ ಕೇಳುಗರ ಮನಸ್ಸಿನಲ್ಲಿ ಮೂಡುವುದು ಹಲವೊಮ್ಮೆ ಗಂಡಿನ ಚಿತ್ರ. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ಲೇಖಕಿಯರ ಸಂಘ ತನ್ನ ಹೆಸರಿನಲ್ಲಿ ‘ಲೇಖಕರು’ ಎಂಬ ತಟಸ್ಥ ರೂಪ ಬಿಟ್ಟು ‘ಲೇಖಕಿಯರು’ ಎಂಬುದನ್ನು ಆರಿಸಿಕೊಂಡಿತು. ಪ್ರಕೃತಿಯಲ್ಲಿ ಸ್ತ್ರೀತ್ವ, ಪ್ರತ್ಯಯದಲ್ಲಿ ಗೌರವ: ಇದರ ರಚನೆ ಶ್ರವಣಬೆಳಗೊಳದ ‘ಗನ್ತಿಯರ್’ ಪದದ ರಚನೆಯೇ. 1983ರ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆದು, ಮುಂದೆ 73ನೆಯ ಸಂವಿಧಾನ ತಿದ್ದುಪಡಿ ದೇಶಕ್ಕೆಲ್ಲ ಮೀಸಲಾತಿಯನ್ನು ವಿಸ್ತರಿಸಿದ ಮೇಲೆ ‘ಅಧ್ಯಕ್ಷರು’, ‘ಅಧ್ಯಕ್ಷೆ’ ಎರಡೂ ಹಳ್ಳಿಯ ಮಾತಾದವು. ಎರಡಕ್ಕೂ ಸಮರ್ಥನೆ ಇದೆ. ಆದರೆ ‘ಅಧ್ಯಕ್ಷರು ಹೇಳಿದರು’ ಎಂದು ಪುರುಷರ ಬಗ್ಗೆ ಬರೆದು, ‘ಅಧ್ಯಕ್ಷೆ ಹೇಳಿದಳು’ ಎಂದು ಮಹಿಳೆಯರ ಬಗ್ಗೆ ಬರೆದರೆ ಅಲ್ಲಿ ನಡೆದದ್ದು ಲಿಂಗದ ನಮೂದಲ್ಲ, ಪದವಿಯ ಕಡಿತ.

7. ಹೆಣ್ಣು–ಗಂಡುಗಳ ಆಚೆ

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ಪ್ರಕರಣದ ತೀರ್ಪಿನಲ್ಲಿ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಕನ್ನಡದಲ್ಲಿ ತೃತೀಯಲಿಂಗಿ, ಮಂಗಳಮುಖಿ, ಲಿಂಗತ್ವ ಅಲ್ಪಸಂಖ್ಯಾತರು ಎಂಬ ಪದಗಳು ಈ ಕಾಲದಲ್ಲಿ ಹರಡಿದವು. ಸರ್ವನಾಮದ ಮಟ್ಟಿಗೆ ಕನ್ನಡ ಸಿದ್ಧವಾಗಿಯೇ ಇತ್ತು. ‘ಅವರು’ ಯಾರ ಲಿಂಗವನ್ನೂ ಕೇಳುವುದಿಲ್ಲ. ಜೋಗತಿ ಪರಂಪರೆಯ ಕಲಾವಿದೆ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ ಅವರು 2021ರಲ್ಲಿ ಪದ್ಮಶ್ರೀ ಪಡೆದರು. ಈ ವಾಕ್ಯದಲ್ಲಿ ಸ್ತ್ರೀತ್ವವನ್ನು ಹೇಳುವುದು ಅವರೇ ಧರಿಸಿದ ಹೆಸರು. ಕ್ರಿಯಾಪದ ಹೇಳುವುದು ಗೌರವವನ್ನು.

ಆದರೆ ‘ಅವರು’ ಎಲ್ಲ ಸಂದರ್ಭಗಳಿಗೂ ಮದ್ದಲ್ಲ. ಅದರಲ್ಲಿ ದೂರವೂ ಇದೆ. ಗೆಳತಿಯರ ನಡುವೆ ‘ಬಾರೇ’ ಎನ್ನಿಸಿಕೊಳ್ಳಬಯಸುವ ಲಿಂಗಪರಿವರ್ತಿತ ಮಹಿಳೆಗೆ ಸ್ತ್ರೀಲಿಂಗದ ಏಕವಚನವೇ ಮನ್ನಣೆ. ಅಲ್ಲಿ ‘ಬನ್ನಿ’ ಎಂಬ ಉಪಚಾರ ಬಾಗಿಲಲ್ಲಿ ನಿಲ್ಲಿಸಿದಂತಾಗಬಹುದು. ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದು ಗುರುತಿಸಿಕೊಳ್ಳುವವರಿಗೆ ಆಪ್ತತೆಯ ಏಕವಚನದಲ್ಲಿ ಕನ್ನಡ ಕೊಡುವುದು ‘ಅವನು’, ‘ಅವಳು’ ಅಥವಾ ‘ಅದು’ ಎಂಬ ಮೂರು ದಾರಿಗಳನ್ನಷ್ಟೇ. ಮೂರನೆಯದು ಮನುಷ್ಯತ್ವವನ್ನೇ ಕಳೆಯುತ್ತದೆ. ಗೌರವದ ನೆಲೆಯಲ್ಲಿರುವ ತಟಸ್ಥತೆ ಆಪ್ತತೆಯ ನೆಲೆಯಲ್ಲಿಲ್ಲ. ಕನ್ನಡದ ನಿಜವಾದ ಕೊರತೆ ಇಲ್ಲಿದೆ. ಇಂಗ್ಲಿಷಿನ ಕೊರತೆ ಇದಲ್ಲ.

8. ಸಮಾರೋಪ

ಈ ಚರಿತ್ರೆಯಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು ಸಂಶೋಧನೆಗೆ ಸಂಬಂಧಿಸಿದ್ದು. ಕನ್ನಡ ಪಠ್ಯಗಳಲ್ಲಿ ಲಿಂಗಪಕ್ಷಪಾತವನ್ನು ಅಳೆಯುವ ಅಧ್ಯಯನಗಳು ‘ಅವನು’, ‘ಅವಳು’ಗಳನ್ನಷ್ಟೇ ಎಣಿಸಿದರೆ ಅರ್ಧ ಮಾತ್ರ ಅಳೆದಂತೆ. ‘-ರು’ ಯಾರಿಗೆ ಸಂದಿದೆ, ಯಾರಿಗೆ ಸಂದಿಲ್ಲ ಎಂಬುದನ್ನು ಲಿಂಗ, ಜಾತಿ, ವೃತ್ತಿ, ವಯಸ್ಸುಗಳೊಂದಿಗೆ ಒಟ್ಟಿಗೆ ಗುರುತಿಸಬೇಕು. ಎರಡನೆಯದು ಬಳಕೆಯದು. ಇಂಗ್ಲಿಷಿನ ಕೈಪಿಡಿಗಳನ್ನು ಅನುಸರಿಸಿ ಸಿದ್ಧಪಡಿಸುವ ಕನ್ನಡ ಕೈಪಿಡಿ ವೈದ್ಯರು, ಲೇಖಕರು, ಅಧ್ಯಕ್ಷರು ಎಂಬ ಪದಗಳಲ್ಲಿ ನಿಂತುಬಿಟ್ಟರೆ, ಮೊದಲೇ ಬಹುವಚನ ಪಡೆದಿದ್ದವರಿಗೆ ಅದನ್ನು ಇನ್ನೊಮ್ಮೆ ಕೊಟ್ಟಂತಾಗುತ್ತದೆ.

‘ಅವರು’ ಎಂಬುದರ ವ್ಯಾಪ್ತಿ ಹಿಂದೆಯೂ ಹಿಗ್ಗಿದೆ. ಹೆಣ್ಣು ಅದರೊಳಗೆ ಬಂದದ್ದು, ನಾಗಮತಿಗೆ ‘ಮುಡಿಪ್ಪಿದರ್’ ಸಂದದ್ದು, ‘ಪೌರಕಾರ್ಮಿಕರು’ ಎಂಬ ಪದ ಕಚೇರಿಯ ಕಾಗದಕ್ಕೆ ಏರಿದ್ದು, ಇವೆಲ್ಲ ಬೇರೆ ಬೇರೆ ಕಾಲದ ಹಿಗ್ಗುವಿಕೆಗಳು. ಇನ್ನೂ ಹಿಗ್ಗಲು ಭಾಷೆಯ ಕಡೆಯಿಂದ ತಡೆಯಿಲ್ಲ. ‘ನಮ್ಮ ಮನೆಗೆಲಸಕ್ಕೆ ಒಬ್ಬರು ಬರುತ್ತಾರೆ’ ಎಂಬ ವಾಕ್ಯಕ್ಕೆ ಬೇಕಾದ ರೂಪಗಳೆಲ್ಲ ಕನ್ನಡದಲ್ಲಿ ಸಾವಿರ ವರ್ಷಗಳಿಗೂ ಮೇಲ್ಪಟ್ಟು ಇವೆ. ಆ ವಾಕ್ಯವನ್ನು ಎಷ್ಟು ಮನೆಗಳಲ್ಲಿ ಆಡುತ್ತಾರೆ ಎಂಬುದರ ಮೇಲೆ ‘ಅವರು’ ಎಂಬುದರ ಮುಂದಿನ ಚರಿತ್ರೆ ನಿಂತಿದೆ.